ಫ್ಯೂಜಿ: ಜಪಾನೀಯರ ಪವಿತ್ರ ಶಿಖರದ ಆರೋಹಣ

ಟೋಕಿಯೊ ನಗರದಿಂದ ನೈಋತ್ಯಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿರುವ ಫ್ಯೂಜಿ, ಜಪಾನಿನ ಅತ್ಯುನ್ನತ ಪರ್ವತ. ಎತ್ತರ 3,776 ಮೀಟರ್. ಈ ಜ್ವಾಲಾಮುಖಿ ಕಡೆಯ ಬಾರಿ ಸ್ಫೋಟಿಸಿದ್ದು 1707ರಲ್ಲಿ. 2013ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೂ ನೈಸರ್ಗಿಕ ತಾಣವಾಗಿ ಅಲ್ಲ, ಸಾಂಸ್ಕೃತಿಕ ತಾಣವಾಗಿ ಎಂಬುದು ಗಮನಾರ್ಹ.

ನಂಬಿಕೆಯ ಹಿನ್ನೆಲೆ

ಪರ್ವತದ ಅಧಿದೇವತೆ ಕೊನೊಹನಸಕುಯ-ಹಿಮೆ. ಎಂಟನೆಯ ಹಂತದಿಂದ ಮೇಲಿನ ಭಾಗವು ಈ ದೇವಿಯನ್ನು ಆರಾಧಿಸುವ ಸೆಂಗೆನ್ ಶಿಂಟೊ ದೇಗುಲದ ಆವರಣವೆಂದೇ ಪರಿಗಣಿತವಾಗಿದೆ. ಪ್ರಾಚೀನರು ಅಗ್ನಿಪರ್ವತಕ್ಕೆ ಅಂಜಿ ದೂರದಿಂದಲೇ ಕೈಮುಗಿಯುತ್ತಿದ್ದರು. ಅನಂತರ ಶುಗೆಂಡೊ ಪಂಥದ ತಪಸ್ವಿಗಳು ಶಿಖರವನ್ನೇರತೊಡಗಿದರು. ಎಡೊ ಯುಗದಲ್ಲಿ 'ಫ್ಯೂಜಿ-ಕೊ' ಎಂಬ ಭಕ್ತಮಂಡಲಿಗಳು ಹುಟ್ಟಿಕೊಂಡವು. ಸದಸ್ಯರೆಲ್ಲ ಹಣ ಕೂಡಿಸಿ, ತಮ್ಮ ಪರವಾಗಿ ಕೆಲವರನ್ನು ಶ್ವೇತವಸ್ತ್ರ ತೊಡಿಸಿ ಯಾತ್ರೆಗೆ ಕಳುಹಿಸುತ್ತಿದ್ದರು. ಹೋಗಲಾಗದವರಿಗಾಗಿ ನಗರದಲ್ಲೇ ಪುಟ್ಟ 'ಫ್ಯೂಜಿ' ದಿಬ್ಬಗಳು ನಿರ್ಮಾಣವಾದವು.

ಮಹಿಳೆಯರಿಗೆ ಮಾತ್ರ ಶಿಖರ ನಿಷಿದ್ಧವಾಗಿತ್ತು. 1832ರಲ್ಲಿ ತಕಯಾಮಾ ತತ್ಸು ಎಂಬಾಕೆ ಪುರುಷವೇಷ ಧರಿಸಿ ತುದಿ ಮುಟ್ಟಿದರು. ಅಧಿಕೃತ ನಿಷೇಧ ತೆರವಾದದ್ದು 1872ರಲ್ಲಿ.

ಆರೋಹಣ ಹೇಗೆ?

ಯೊಶಿದಾ, ಸುಬಶಿರಿ, ಗೊತೆಂಬಾ, ಫ್ಯೂಜಿನೊಮಿಯಾ ಎಂಬ ನಾಲ್ಕು ಮಾರ್ಗಗಳಿವೆ. ದಾರಿಯನ್ನು ಹತ್ತು ಹಂತಗಳಾಗಿ ವಿಂಗಡಿಸಲಾಗಿದ್ದು, ಬಹುತೇಕರು ವಾಹನದಲ್ಲಿ ಐದನೆಯ ಹಂತ ತಲುಪಿ ಅಲ್ಲಿಂದ ನಡೆಯುತ್ತಾರೆ. ಜನಪ್ರಿಯವಾದ ಯೊಶಿದಾ ಮಾರ್ಗದಲ್ಲಿ ಈ ಹಂತ ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ತುದಿಗೆ ಅಂದಾಜು ಆರು ಗಂಟೆಗಳ ನಡಿಗೆ. ನಡುವಿನ ತಂಗುಮನೆಯಲ್ಲಿ ವಿಶ್ರಮಿಸಿ, ನಸುಕಿನಲ್ಲಿ ಮತ್ತೆ ಹೊರಟು, 'ಗೊರೈಕೊ' ಎಂದು ಕರೆಯುವ ಸೂರ್ಯೋದಯವನ್ನು ಶಿಖರದಲ್ಲಿ ದರ್ಶಿಸುವುದು ವಾಡಿಕೆ. ಬಳಿಕ ಹಲವರು ಜ್ವಾಲಾಮುಖಿಯ ಬಾಯಿಗೆ ಪ್ರದಕ್ಷಿಣೆ ಬರುತ್ತಾರೆ.

ಜನಜಂಗುಳಿ, ನಿರ್ಬಂಧ

ತಂಗದೆ ರಾತ್ರೋರಾತ್ರಿ ಏರುವವರ ಸಂಖ್ಯೆ ಹೆಚ್ಚಿದಂತೆ ಅಪಾಯವೂ ಹೆಚ್ಚಿತು. ನಡುಬೇಸಿಗೆಯಲ್ಲೂ ಶಿಖರದ ಚಳಿ ಹೆಪ್ಪುಗಟ್ಟುವ ಮಟ್ಟಕ್ಕೆ ಸಮೀಪಿಸಬಹುದು. ಗಾಳಿ ತೆಳುವಾದ್ದರಿಂದ ತಲೆನೋವು, ವಾಕರಿಕೆ ಕಾಡುತ್ತವೆ. ಹೀಗಾಗಿ 2024ರಲ್ಲಿ ಯೊಶಿದಾ ಮಾರ್ಗಕ್ಕೆ ದ್ವಾರವಿರಿಸಿ, ದಿನಕ್ಕೆ 4,000 ಮಂದಿಯ ಮಿತಿ ಹಾಗೂ 2,000 ಯೆನ್ ಶುಲ್ಕ ವಿಧಿಸಲಾಯಿತು. 2025ರಲ್ಲಿ ನಾಲ್ಕೂ ಮಾರ್ಗಗಳಿಗೆ 4,000 ಯೆನ್ ಶುಲ್ಕ ಜಾರಿಯಾಯಿತು. ತಂಗುಮನೆ ಕಾದಿರಿಸದವರಿಗೆ ಅಪರಾಹ್ನ 2ರಿಂದ ಮರುದಿನ ಬೆಳಗಿನ ಜಾವ 3ರವರೆಗೆ ಪ್ರವೇಶ ನಿರಾಕರಿಸಲಾಯಿತು.

ಆರೋಹಣದ ಋತು ಜುಲೈನಿಂದ ಸೆಪ್ಟೆಂಬರ್ ಆರಂಭದ ದಿನಗಳವರೆಗೆ ಮಾತ್ರ. 2025ರ ಏಪ್ರಿಲ್‌ನಲ್ಲಿ, ಹಿಮ ಕರಗುವ ಮುನ್ನವೇ ಏರಿದ ವಿದ್ಯಾರ್ಥಿಯೊಬ್ಬನನ್ನು ರಕ್ಷಿಸಲಾಯಿತು. ಬಿಟ್ಟುಬಂದಿದ್ದ ಮೊಬೈಲ್ ಫೋನಿಗಾಗಿ ಅವನು ಮತ್ತೆ ಏರಿದಾಗ, ಒಂದು ವಾರ ಕಳೆಯುವುದರೊಳಗೆ ಎರಡನೆಯ ಬಾರಿಯೂ ರಕ್ಷಿಸಬೇಕಾಯಿತು. ರಕ್ಷಣಾ ವೆಚ್ಚವನ್ನು ಇಂಥವರೇ ಭರಿಸಲಿ ಎಂಬ ಬೇಡಿಕೆ ಸ್ಥಳೀಯ ಆಡಳಿತಗಳಿಂದ ಕೇಳಿಬಂದದ್ದು ಆನಂತರವೇ.