ಮನೆಯ ನಾದವನ್ನು ಶ್ರುತಿಗೂಡಿಸುವುದು: ಮೈಸೂರಿನ ಅರಮನೆಯಿಂದ ನಮ್ಮ ಗ್ಯಾರೇಜಿನವರೆಗೆ



ವೈದ್ಯವೃತ್ತಿಯವರಾದ ನಮಗೆ ಇಂಥ ವೇದಿಕೆಗಳಿಂದ ರಕ್ತದೊತ್ತಡ, ಮಧುಮೇಹಗಳನ್ನು ಕುರಿತು ಮಾತನಾಡಲು ಕರೆ ಬರುವುದು ವಾಡಿಕೆ. ಈ ಸಲ ಕೂಟದ ಪದಾಧಿಕಾರಿಗಳು ವಿಷಯದ ಆಯ್ಕೆಯನ್ನು ನಮಗೇ ಬಿಟ್ಟುದರಿಂದ, ನಮ್ಮ ವಿರಾಮವನ್ನೂ ಗಳಿಕೆಯ ಒಂದು ಪಾಲನ್ನೂ ಬಹುಕಾಲದಿಂದ ನುಂಗುತ್ತ ಬಂದಿರುವ ಹವ್ಯಾಸವೊಂದರ ಇತಿಹಾಸವನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಮನೆಯಲ್ಲಿ ಸಂಗೀತ ಕೇಳುವ ಉಪಕರಣಗಳನ್ನು ಹಂತಹಂತವಾಗಿ ಉತ್ತಮಪಡಿಸುತ್ತ ಹೋಗುವ ಹವ್ಯಾಸವದು. ನಮ್ಮ ಕೂಟದ ಹಲವು ಮನೆಗಳಿಗೆ ಈ ಸೋಂಕು ತಗಲಿರುವುದನ್ನು ನಾವು ಬಲ್ಲೆವು.

ಧ್ವನಿವ್ಯವಸ್ಥೆಯೆಂಬುದು ಒಂದು ಸರಪಳಿ. ಹಾಡುವವರ ಕಂಠ, ಮೈಕ್ರೊಫೋನು, ಟೇಪು ಅಥವಾ ತಟ್ಟೆ, ಅದನ್ನು ಓದುವ ಹೆಡ್ಡು ಅಥವಾ ಮುಳ್ಳು, ಆಂಪ್ಲಿಫೈಯರು, ಸ್ಪೀಕರು, ಕೋಣೆ, ಕಟ್ಟಕಡೆಗೆ ಕಿವಿ. ಒಂದು ಕೊಂಡಿಯನ್ನು ಬಲಪಡಿಸಿದೊಡನೆ ಇನ್ನೊಂದರ ದೌರ್ಬಲ್ಯ ಎದ್ದು ಕಾಣುತ್ತದೆ. ಹೊಸ ಸ್ಪೀಕರು ಕೊಂಡ ಗೃಹಸ್ಥರು ಆರು ತಿಂಗಳೊಳಗೆ ಹೊಸ ಆಂಪ್ಲಿಫೈಯರನ್ನು ಅರಸಿ ಹೊರಡುವುದು ಇದೇ ಕಾರಣಕ್ಕೆ. ಅವರ ಮನೆಯವರು ಭಾವಿಸುವಂತೆ ಅದು ಬರಿಯ ಚಪಲವಲ್ಲ. ಆದರೆ ಈ ಸರಪಳಿಯ ಇತಿಹಾಸವನ್ನು ನೋಡಿದರೆ, ಇಂದು ನಮ್ಮ ಮನೆಗಳಲ್ಲಿ ಸಡಿಲವಾಗಿರುವ ಕೊಂಡಿ ಅಂಗಡಿಯಲ್ಲಿ ಕೊಳ್ಳುವಂಥದಲ್ಲ ಎಂಬುದು ನಮ್ಮ ಅಭಿಪ್ರಾಯ. ಅದು ಯಾವುದೆಂಬುದನ್ನು ಮುಂದೆ ಹೇಳುತ್ತೇವೆ.

ಸರಪಳಿಯ ಹಲವು ಕೊಂಡಿಗಳು ನಾವು ದಿನನಿತ್ಯ ಕಾರಿನಲ್ಲಿ ಹಾದುಹೋಗುವ ಊರುಗಳಲ್ಲೇ ರೂಪುಗೊಂಡವು. ಲೀ ಡಿ ಫಾರೆಸ್ಟ್ ತನ್ನ ಆಡಿಯಾನ್ ಕವಾಟವನ್ನು ಆಂಪ್ಲಿಫೈಯರಾಗಿ ಬಳಸಬಹುದೆಂದು ತೋರಿಸಿದ್ದು 1912ರಲ್ಲಿ, ಪ್ಯಾಲೊ ಆಲ್ಟೊದ ಫೆಡರಲ್ ಟೆಲಿಗ್ರಾಫ್ ಕಂಪನಿಯಲ್ಲಿ. ದ್ರಾಕ್ಷಾರಸಕ್ಕೆ ಹೆಸರಾದ ನಾಪಾದಲ್ಲಿ ಡೆನ್ಮಾರ್ಕಿನಿಂದ ವಲಸೆ ಬಂದ ಪೀಟರ್ ಜೆನ್ಸನ್ ಮತ್ತು ಅವನ ಜೊತೆಗಾರ ಎಡ್ವಿನ್ ಪ್ರಿಡ್‌ಹ್ಯಾಮ್ ತಂತಿಯ ಸುರುಳಿಯನ್ನು ಅಯಸ್ಕಾಂತದ ನಡುವೆ ಕುಣಿಸಿ ಧ್ವನಿ ಹೊರಡಿಸುವ ಸ್ಪೀಕರನ್ನು ಸಿದ್ಧಗೊಳಿಸಿದರು. ಅದಕ್ಕೆ ಅವರಿಟ್ಟ ಹೆಸರು ಮ್ಯಾಗ್ನವಾಕ್ಸ್, ಲ್ಯಾಟಿನ್ನಿನಲ್ಲಿ ‘ಮಹಾಧ್ವನಿ’. 1915ರ ಡಿಸೆಂಬರ್ 24ರಂದು ಸ್ಯಾನ್ ಫ್ರಾನ್ಸಿಸ್ಕೊ ಪುರಭವನದ ಮುಂದೆ ನೆರೆದ ಭಾರೀ ಜನಸ್ತೋಮಕ್ಕೆ ಅದು ಕ್ರಿಸ್‌ಮಸ್ ಸಂಗೀತವನ್ನು ಕೇಳಿಸಿತು. ಇಂದು ತಮ್ಮ ಬೈಠಕ್ಕಿನಲ್ಲಿ ನಿಂತಿರುವ ದುಬಾರಿ ಸ್ಪೀಕರುಗಳಲ್ಲಿ ಬಹುಪಾಲು ಅದೇ ತತ್ತ್ವದ ಮೇಲೆ ನಡೆಯುತ್ತವೆ.

ಹಿಂದಿನ ಸಾಲಿನವರಿಗೂ ಕೇಳಿಸಬೇಕೆಂಬ ಇದೇ ಚಿಂತೆ ಅತ್ತ ಮೈಸೂರಿನಲ್ಲಿ ಬೇರೊಂದು ಉತ್ತರವನ್ನು ಪಡೆಯಿತು. ಸಭೆಗಳು ದೊಡ್ಡವಾಗುತ್ತಿದ್ದವು, ಮೈಕು ಇನ್ನೂ ಬಂದಿರಲಿಲ್ಲ. ಪಿಟೀಲು ಚೌಡಯ್ಯನವರು 1920ರ ದಶಕದಲ್ಲಿ ನಾಲ್ಕು ತಂತಿಯ ವಾದ್ಯಕ್ಕೆ ಮತ್ತೆ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದರು. ವಿದ್ಯುತ್ತಿನ ಹಂಗಿಲ್ಲದ ಆಂಪ್ಲಿಫೈಯರು ಎನ್ನೋಣ. ಮುಂದೆ 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವಾಟ್‌ನ ಪುಟ್ಟ ಪ್ರೇಷಕವನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದರು. ಮನೆಯಿಂದ ಹೊರಟ ದನಿ ಮನೆಗಳನ್ನು ಮುಟ್ಟಿತು. ಇಡೀ ದೇಶದ ಬಾನುಲಿ ಆ ಹೆಸರನ್ನು ಪಡೆದದ್ದು ತಮಗೆಲ್ಲ ತಿಳಿದೇ ಇದೆ.

ಆದರೆ ಮೈಸೂರಿನಲ್ಲಿ ಗೃಹಧ್ವನಿಯ ನಿಜವಾದ ಸಾಧಕರೆಂದರೆ ಜಯಚಾಮರಾಜ ಒಡೆಯರು. 1919ರಲ್ಲಿ ಹುಟ್ಟಿದ ಅವರು ಪಾಶ್ಚಾತ್ಯ ಪಿಯಾನೋ ಸಂಗೀತದಲ್ಲಿ ಗಂಭೀರವಾಗಿ ವ್ಯಾಸಂಗ ಮಾಡಿದವರು. ಅದೇ ಹಾದಿಯಲ್ಲಿ ವಾದಕರಾಗುವ ಹಂಬಲವಿದ್ದರೂ, 1940ರಲ್ಲಿ ತಂದೆಯವರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಒಬ್ಬರ ಹಿಂದೊಬ್ಬರು ತೀರಿಕೊಂಡು ಸಿಂಹಾಸನದ ಹೊಣೆ ಹೆಗಲೇರಿತು. ವೇದಿಕೆ ತಪ್ಪಿಹೋದವರಿಗೆ ತಟ್ಟೆಗಳು ಉಳಿದವು. ಅವರ ಗ್ರಾಮಫೋನು ತಟ್ಟೆಗಳ ಸಂಗ್ರಹವನ್ನು ಸುಮಾರು 20,000 ಎಂದು ಅಂದಾಜು ಮಾಡಲಾಗಿತ್ತು. ಲಂಡನ್ನಿನ ಇ.ಎಂ.ಐ. ಸಂಸ್ಥೆಯ ಹೆಸರಾಂತ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮಹಾರಾಜರ ಆಹ್ವಾನದ ಮೇಲೆ ಮೈಸೂರಿಗೆ ಬಂದಿದ್ದರು. ತಟ್ಟೆಗಳ ಆ ಭಂಡಾರವನ್ನೂ ಬಗೆಬಗೆಯ ಸ್ಪೀಕರುಗಳನ್ನೂ ದೊಡ್ಡ ಪಿಯಾನೋಗಳನ್ನೂ ಅರಮನೆಯಲ್ಲಿ ಕಂಡು ಬೆರಗಾದುದನ್ನು ಅವರು ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಆಗ ಮಹಾರಾಜರಿಗೆ ಇನ್ನೂ 30 ತುಂಬಿರಲಿಲ್ಲ. ಬಗೆಬಗೆಯ ಸ್ಪೀಕರುಗಳು ಎಂಬ ಮಾತನ್ನು ಓದಿದಾಗ ನಮ್ಮಂಥವರಿಗೆ ಆಗುವ ಆನಂದವನ್ನು ವಿವರಿಸಬೇಕಾಗಿಲ್ಲ. ಒಂದೇ ತಟ್ಟೆಯನ್ನು ಬೇರೆಬೇರೆ ಸ್ಪೀಕರುಗಳಲ್ಲಿ ಕೇಳಿ ತೂಗಿನೋಡುವ ಚಟ ನಮ್ಮ ಕಾಲದ್ದಲ್ಲ.

ಮಹಾರಾಜರ ಮುಂದಿನ ಹೆಜ್ಜೆಯೇ ಅವರನ್ನು ಉಳಿದ ಹವ್ಯಾಸಿಗಳಿಂದ ಬೇರ್ಪಡಿಸುವುದು. ಅವರು ಸರಪಳಿಯ ಮೊದಲ ಕೊಂಡಿಗೇ ಕೈಹಾಕಿದರು. ಲಂಡನ್ನಿನಲ್ಲಿ ಬಹುಮಟ್ಟಿಗೆ ಅಲಕ್ಷಿತರಾಗಿ ವೃದ್ಧಾಪ್ಯದಲ್ಲಿದ್ದ ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ತಟ್ಟೆಗಳು ತಮಗೆ ಬೇಕಾದಷ್ಟು ಸಿಗದಿದ್ದಾಗ, ಅವುಗಳ ಧ್ವನಿಮುದ್ರಣಕ್ಕೆ ತಾವೇ ಹಣವಿತ್ತರು. ಮೆಟ್ನರ್ ಸ್ವತಃ ನುಡಿಸಿದ ಮೂರು ಪಿಯಾನೋ ಕನ್ಸರ್ಟೋಗಳೂ ಮತ್ತೆ ಹಲವು ಕೃತಿಗಳೂ ಹೀಗೆ ಉಳಿದುಕೊಂಡವು. 1951ರಲ್ಲಿ ಆ ಸಂಗೀತಕಾರರು ತೀರಿಕೊಂಡರು. ಅವರ ಮೂರನೆಯ ಕನ್ಸರ್ಟೋ ಮಹಾರಾಜರಿಗೆ ಅರ್ಪಿತವಾಗಿದೆ. ಲೆಗ್ 1945ರಲ್ಲಿ ಕಟ್ಟಿದ್ದ ಫಿಲ್ಹಾರ್ಮೋನಿಯಾ ವಾದ್ಯವೃಂದವು ಗಟ್ಟಿಯಾಗಿ ನಿಲ್ಲಲೆಂದು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷಗಳ ನೆರವನ್ನೂ ಮಹಾರಾಜರು ಒದಗಿಸಿದರು. ಇಂದಿಗೂ ಹಳೆಯ ತಟ್ಟೆಗಳ ಅಂಗಡಿಗಳಲ್ಲಿ ಆ ವೃಂದದ 1950ರ ದಶಕದ ತಟ್ಟೆಗಳನ್ನು ಆಡಿಯೋ ಹವ್ಯಾಸಿಗಳು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಅವರಲ್ಲಿ ಎಷ್ಟು ಮಂದಿಗೆ ಮೈಸೂರಿನ ಹೆಸರು ಗೊತ್ತೋ!

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳನ್ನು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದರು. ನಿರ್ದೇಶನ ಫುರ್ಟ್‌ವೆಂಗ್ಲರ್ ಅವರದು, ವಾದ್ಯವೃಂದ ಅದೇ ಫಿಲ್ಹಾರ್ಮೋನಿಯಾ. ಸಂಗೀತಕಾರರು ಎಂಟು ತಿಂಗಳ ಹಿಂದೆಯಷ್ಟೇ ನಿಧನರಾಗಿದ್ದರು. ಆ ಕಚೇರಿಗೆ 4,800 ಡಾಲರುಗಳ ಖಾತರಿ ನೀಡಿದವರು ಜಯಚಾಮರಾಜ ಒಡೆಯರು. ತಾವು ಹೋಗಲಾಗದ ಆ ಕಚೇರಿಯನ್ನು ತಟ್ಟೆಯಲ್ಲಿ ಇಳಿಸಿ ಮೈಸೂರಿಗೆ ಕಳುಹಿಸಬೇಕೆಂಬುದು ಅವರ ಆಶಯ. ಆ ಧ್ವನಿಮುದ್ರಣ ಇಂದಿಗೂ ದೊರೆಯುತ್ತದೆ. ಕರಕರ, ಪಟಪಟ ಎನ್ನುವ ಸದ್ದಿನ ಹಿಂದೆ ಫ್ಲಾಗ್‌ಸ್ಟಾಡ್ ಅವರ ಕಂಠ ದೂರದ ದೀಪದಂತೆ ಕಾಣುತ್ತದೆ. ಅನಂತರ ಬಂದ ಸ್ವಚ್ಛವಾದ ಧ್ವನಿಮುದ್ರಣಗಳು ಎಷ್ಟೋ ಇವೆ. ಆದರೆ ಆ ಸಂಜೆಯದು ಇದೊಂದೇ.

ಈ ಔದಾರ್ಯವನ್ನು ಕುರಿತು ಎರಡು ಮಾತು ಹೇಳುವುದು ನ್ಯಾಯ. ಮೈಸೂರಿನ ಹಣ ಲಂಡನ್ನಿಗೆ ಹರಿದದ್ದೇಕೆ ಎಂದು ಕೇಳುವವರು ಅಂದೂ ಇದ್ದಾರು, ಇಂದೂ ಇದ್ದಾರೆ. ಮಹಾರಾಜರು ಕರ್ನಾಟಕ ಸಂಗೀತವನ್ನು ಕಡೆಗಣಿಸಿದವರಲ್ಲ. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರು. ಆದರೂ ಮೆಟ್ನರ್‌ಗೆ ದೊರೆತ ಭಾಗ್ಯ ನಮ್ಮ ವೈಣಿಕರಲ್ಲಿ ಹಿಂದಿನ ತಲೆಯವರಿಗೆ ದೊರೆಯಲಿಲ್ಲವಲ್ಲ ಎಂಬ ಕೊರಗು ನಮಗೂ ಉಂಟು. ಮೈಕ್ರೊಫೋನಿನಿಂದ ಧ್ವನಿಮುದ್ರಿಸುವ ಪದ್ಧತಿ ಜಗತ್ತಿಗೆ ಬಂದದ್ದು 1925ರಲ್ಲಿ. ವೀಣೆ ಶೇಷಣ್ಣನವರು ತೀರಿಕೊಂಡದ್ದು 1926ರಲ್ಲಿ. ಇದು ಯಾರ ತಪ್ಪೂ ಅಲ್ಲ. ಆ ವೀಣೆಯ ಪಾಲಿಗೆ ಮೈಕ್ರೊಫೋನು ತಡವಾಗಿ ಬಂತು, ಅಷ್ಟೇ.

ತಟ್ಟೆಯ ಕರಕರವನ್ನು ನೀಗಿಸಿದ ಕೊಂಡಿ ಮತ್ತೆ ನಮ್ಮ ಈ ಕೊಲ್ಲಿಯ ತೀರದಲ್ಲೇ ಬೆಳೆಯಿತು. ಸಾಂಟಾ ಕ್ಲಾರಾ ವಿಶ್ವವಿದ್ಯಾನಿಲಯದಲ್ಲಿ ಓದಿದ್ದ ಜ್ಯಾಕ್ ಮುಲ್ಲಿನ್ ಯುದ್ಧದ ಕೊನೆಯಲ್ಲಿ ಜರ್ಮನಿಯಿಂದ ಎರಡು ಮ್ಯಾಗ್ನೆಟೊಫೋನ್ ಯಂತ್ರಗಳನ್ನೂ 50 ಸುರುಳಿ ಟೇಪನ್ನೂ ಬಿಡಿಭಾಗಗಳಾಗಿ ಅಂಚೆಯಲ್ಲಿ ತರಿಸಿಕೊಂಡ. 1946ರ ಮೇ 16ರಂದು ಸ್ಯಾನ್ ಫ್ರಾನ್ಸಿಸ್ಕೊದ ಇಂಜಿನಿಯರುಗಳ ಸಭೆಯಲ್ಲಿ ಅವುಗಳ ಪ್ರದರ್ಶನ ನಡೆಯಿತು. ಸ್ಯಾನ್ ಕಾರ್ಲೊಸಿನಲ್ಲಿ 1944ರಲ್ಲಿ ಆರಂಭವಾಗಿದ್ದ ಆಂಪೆಕ್ಸ್ ಕಂಪನಿ ಅದೇ ಜಾಡಿನಲ್ಲಿ ನಡೆದು 1948ರಲ್ಲಿ ತನ್ನ 200ಎ ಯಂತ್ರವನ್ನು ಹೊರತಂದಿತು. ಅದರ ಸಂಸ್ಥಾಪಕ ಅಲೆಕ್ಸಾಂಡರ್ ಪೊನಿಯಾಟಾಫ್ ರಷ್ಯಾದಿಂದ ಶಾಂಘೈ ಮಾರ್ಗವಾಗಿ ಬಂದ ವಲಸಿಗ. ವಲಸಿಗರಿಲ್ಲದೆ ಈ ಇತಿಹಾಸದ ಒಂದು ಪುಟವೂ ಮುಂದೆ ಸಾಗುವುದಿಲ್ಲ.

ಆಂಪೆಕ್ಸಿನಲ್ಲಿ ವಿದ್ಯಾರ್ಥಿದೆಸೆಯಿಂದಲೇ ದುಡಿದ ರೇ ಡಾಲ್ಬಿಯ ಕಥೆ ನಮಗೆ ಇನ್ನೂ ಹತ್ತಿರದ್ದು. ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದ ಮೇಲೆ ಆತ 1963ರಿಂದ ಎರಡು ವರ್ಷ ಯುನೆಸ್ಕೊ ಸಲಹೆಗಾರನಾಗಿ ಚಂಡೀಗಢದಲ್ಲಿದ್ದ. ಟೇಪಿನ ಸುಯ್ಯೆನ್ನುವ ಸದ್ದನ್ನು ಅಡಗಿಸುವ ಯೋಚನೆ ಮೊಳೆತದ್ದು ಭಾರತದಲ್ಲಿದ್ದಾಗಲೇ. 1965ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಪ್ರಯೋಗಾಲಯವನ್ನು 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ತಂದ. ಮನೆಬಳಕೆಗೆಂದು 1968ರಲ್ಲಿ ರೂಪಿಸಿದ ‘ಬಿ’ ಪದ್ಧತಿಯ ಮರ್ಮ ಸರಳ. ಮುದ್ರಿಸುವಾಗ ಮೆಲುವಾದ ತಾರಧ್ವನಿಗಳನ್ನು ಅಳತೆಯಿಂದ ಎತ್ತಿ, ನುಡಿಸುವಾಗ ಅಷ್ಟೇ ಇಳಿಸುವುದು. ಸಂಗೀತ ಯಥಾಸ್ಥಿತಿಗೆ ಬರುತ್ತದೆ, ಅದರೊಡನೆ ಟೇಪಿನ ಸದ್ದೂ ಇಳಿಯುತ್ತದೆ. ಊರಿನಿಂದ ಬಂದ ಕ್ಯಾಸೆಟ್ಟು ಡಾಲ್ಬಿಯಿಲ್ಲದೆ ಮುದ್ರಿತವಾಗಿದ್ದು ಇಲ್ಲಿ ನಾವು ಡಾಲ್ಬಿಯ ಗುಂಡಿ ಒತ್ತಿದರೆ, ಎತ್ತದೇ ಇದ್ದುದನ್ನು ಇಳಿಸಿದಂತಾಗುತ್ತದೆ. ಆಗ ಮೊದಲು ಮಾಯವಾಗುವುದು ತಂಬೂರಿ.

ಇನ್ನು ಕೋಣೆ ಮತ್ತು ಕಿವಿ. ಕೋಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪೀಕರುಗಳನ್ನು ಮೂಲೆಯಿಂದ ಎರಡಡಿ ಮುಂದೆ ತನ್ನಿ, ಬರಿಯ ಮರದ ನೆಲಕ್ಕೆ ಜಮಖಾನೆ ಹಾಸಿ. ಸಾವಿರಾರು ಡಾಲರಿನ ತಂತಿಗಿಂತ ಇದು ಹೆಚ್ಚಿನ ಗುಣ ಕೊಡುತ್ತದೆ, ಮಾತ್ರವಲ್ಲ, ಪುಕ್ಕಟೆ. ಕಿವಿಯ ವಿಷಯದಲ್ಲಿ ವೈದ್ಯರಾಗಿ ಒಂದು ಕಹಿಸತ್ಯ ಹೇಳಬೇಕು. ಎಳೆಯ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ ಕೇಳಿಸುತ್ತದೆ ಎನ್ನುತ್ತಾರೆ. ಒಳಗಿವಿಯ ಶಂಖದಲ್ಲಿರುವ ಸೂಕ್ಷ್ಮ ಕೇಶಕೋಶಗಳಲ್ಲಿ ತಾರಧ್ವನಿಯನ್ನು ಗ್ರಹಿಸುವವು ದ್ವಾರದ ಬಳಿಯಲ್ಲಿದ್ದು, ಮೊದಲು ಸವೆಯುವುವು ಅವೇ. ನಶಿಸಿದ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಉತ್ತಮ ಉಪಕರಣ ಕೊಳ್ಳುವ ಶಕ್ತಿ ಬರುವ 50ರ ವಯಸ್ಸಿಗೆ, ಅದರ ಮೇಲಿನ ಒಂದು ಭಾಗ ನಮ್ಮ ಪಾಲಿಗೆ ಮುಚ್ಚಿರುತ್ತದೆ. ವಿಧಿಯ ಈ ಲೆಕ್ಕಾಚಾರ ಆಂಪ್ಲಿಫೈಯರು ಮಾರುವವರಿಗೆ ಚೆನ್ನಾಗಿ ಗೊತ್ತಿದ್ದರೂ ಅವರು ಹೇಳುವುದಿಲ್ಲ.

ಹಾಗಾದರೆ ಸಡಿಲವಾದ ಕೊಂಡಿ ಯಾವುದು? ಅದು ನಮ್ಮ ಗ್ಯಾರೇಜಿನ ಅಟ್ಟದ ಮೇಲೆ, ಹಳೆಯ ತೆರಿಗೆಕಾಗದಗಳ ಪಕ್ಕದಲ್ಲಿರುವ ರಟ್ಟಿನ ಪೆಟ್ಟಿಗೆ. 1965ರ ವಲಸೆ ಕಾನೂನಿನ ಬಳಿಕ ಬಂದ ಮೊದಲ ತಲೆಮಾರಿನವರು ಸುರುಳಿ ಟೇಪುಗಳನ್ನು ತಂದರು, ಅನಂತರದವರು ಕ್ಯಾಸೆಟ್ಟುಗಳನ್ನು. ಯಾರದೋ ಮನೆಯ ನಡುಕೋಣೆಯಲ್ಲಿ ನಡೆದ ಕಚೇರಿ, ಮದುವೆಯ ಆರತಿಹಾಡು, ಅಜ್ಜಿಯ ಸಂಪ್ರದಾಯದ ಪದ, ಫೋನು ದುಬಾರಿಯಾಗಿದ್ದ ಕಾಲದಲ್ಲಿ ಅಪ್ಪ ಪತ್ರಕ್ಕೆ ಬದಲಾಗಿ ಮಾತನಾಡಿ ಕಳುಹಿಸಿದ ಅರ್ಧ ಗಂಟೆ. ಇವುಗಳಿಗೆ ಎರಡನೆಯ ಪ್ರತಿಯಿಲ್ಲ. ನಮ್ಮ ಮನೆಯಲ್ಲೂ ಅಂಥದೊಂದು ಕ್ಯಾಸೆಟ್ಟಿದೆ. ನಮ್ಮ ಅಜ್ಜಿ ಹಾಡುತ್ತ ಹಾಡುತ್ತ ನಡುವೆ ನಿಲ್ಲಿಸಿ, ಹಾಲು ಉಕ್ಕೀತು ನೋಡೇ ಎಂದು ಯಾರಿಗೋ ಹೇಳುತ್ತಾರೆ. ಆ ಒಂದು ಮಾತಿಗಾಗಿ ನಾವು ಉಳಿದುದೆಲ್ಲವನ್ನೂ ಕೊಟ್ಟೇವು.

ಟೇಪು ಚಿರಂಜೀವಿಯಲ್ಲ. 1970ರ ದಶಕದ ನಡುವಿನಿಂದ ಆಂಪೆಕ್ಸ್ ತಯಾರಿಸಿದ 406, 456 ಮುಂತಾದ ಸುರುಳಿಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ. ನುಡಿಸಹೋದರೆ ಕಿರುಚಿ, ಪುಡಿ ಉದುರಿಸಿ ನಿಲ್ಲುತ್ತದೆ. ನಮ್ಮ ಕೊಲ್ಲಿಯ ಮಂಜು ಇದಕ್ಕೆ ಮದ್ದಲ್ಲ. ಸುಮಾರು 54 ಸೆಂಟಿಗ್ರೇಡ್ ಹದಶಾಖದಲ್ಲಿ ಹಲವು ಗಂಟೆ ಒಣಗಿಸಿದರೆ ಕೆಲವು ವಾರಗಳ ಮಟ್ಟಿಗೆ ಮತ್ತೆ ನುಡಿಯುತ್ತದೆ, ಅಷ್ಟರಲ್ಲಿ ಪ್ರತಿ ತೆಗೆಯಬೇಕು. ಇದನ್ನು ಬಲ್ಲವರಿಂದ ಮಾಡಿಸಿ. ಅಡುಗೆಮನೆಯ ಅವನ್ನಿನಲ್ಲಿ ಪ್ರಯೋಗ ಬೇಡ. ಕ್ಯಾಸೆಟ್ಟುಗಳಿಗೆ ಈ ಕಾಯಿಲೆ ವಿರಳ. ಅವುಗಳಲ್ಲಿ ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆ ಕಳಚಿ ಬೀಳುವುದೇ ಹೆಚ್ಚು. ಹೊಸ ಡಬ್ಬಿಗೆ ಸುರುಳಿಯನ್ನು ವರ್ಗಾಯಿಸಿದರೆ ಸರಿಹೋಗುತ್ತದೆ. ಆದರೆ ಒಳ್ಳೆಯ ಸ್ಥಿತಿಯ ಕ್ಯಾಸೆಟ್ ಯಂತ್ರಗಳೂ ಅವನ್ನು ದುರಸ್ತಿ ಮಾಡುವ ಕೈಗಳೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹೊಸ ಸ್ಪೀಕರಿಗೆಂದು ಎತ್ತಿಟ್ಟ ಹಣವಿದ್ದರೆ ಈ ವರ್ಷ ಅದನ್ನು ಇಂಥ ಒಂದು ಯಂತ್ರದ ಮೇಲೆ ವೆಚ್ಚ ಮಾಡಬೇಕೆಂಬುದು ನಮ್ಮ ಸಲಹೆ. ಮುದ್ರಿಸುವಾಗ 24 ಬಿಟ್, 96 ಕಿಲೋಹರ್ಟ್ಸ್ ಇಟ್ಟುಕೊಳ್ಳಿ. ಕರಕರವನ್ನು ಒರೆಸುವ ಕೆಲಸವನ್ನು ಪ್ರತಿಯ ಮೇಲಷ್ಟೇ ಮಾಡಿ, ಮೂಲವನ್ನು ಮುಟ್ಟಬೇಡಿ.

ಕಡೆಯದಾಗಿ, ಎಲ್ಲಕ್ಕಿಂತ ಸೂಕ್ಷ್ಮವಾದ ಹೊಂದಾಣಿಕೆಯೊಂದುಂಟು. ಯಂತ್ರದ ಹೆಡ್ಡಿನ ಪಕ್ಕದಲ್ಲಿ ಸಣ್ಣದೊಂದು ತಿರುಪು ಇರುತ್ತದೆ. ಊರಿನಲ್ಲಿ ಮುದ್ರಿಸಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ವಾಲಿದ್ದರೂ, ಇಲ್ಲಿನ ನೆಟ್ಟಗಿನ ಹೆಡ್ಡಿನಲ್ಲಿ ಧ್ವನಿ ಕಂಬಳಿ ಹೊದ್ದಂತೆ ಕೇಳುತ್ತದೆ. ತಂಬೂರಿಯ ತಂತಿಯ ಕೆಳಗೆ ಜೀವಾಳದ ದಾರವನ್ನು ಸರಿಸುತ್ತ ಝೇಂಕಾರ ಅರಳುವ ಜಾಗವನ್ನು ಹುಡುಕುವಂತೆ, ಈ ತಿರುಪನ್ನು ಅತ್ತಿತ್ತ ಮೆಲ್ಲನೆ ತಿರುಗಿಸಿ, ಕಂಬಳಿ ಸರಿಯುವ ಬಿಂದುವಿನಲ್ಲಿ ನಿಲ್ಲಿಸಬೇಕು. ಪ್ರತಿಯೊಂದು ಕ್ಯಾಸೆಟ್ಟಿಗೂ ಹೊಸದಾಗಿ ಮಾಡಬೇಕಾದ ಕೆಲಸವಿದು. ಆ ಬಿಂದು ಗೊತ್ತಾಗುವುದು ತಾರಧ್ವನಿಗಳಿಂದ, ನಮ್ಮ ವಯಸ್ಸಿನವರಿಗೆ ಸರಿಯಾಗಿ ಕೇಳದ ಆ ಮೇಲಿನ ಭಾಗದಿಂದ. ಆದ್ದರಿಂದ ತಿರುಪುಳಿಯನ್ನು ತಾವು ಹಿಡಿಯಿರಿ, ಪಕ್ಕದಲ್ಲಿ ಹದಿನೈದು ವರ್ಷದ ಮಗನನ್ನೋ ಮೊಮ್ಮಗಳನ್ನೋ ಕೂರಿಸಿಕೊಳ್ಳಿ. ಅಜ್ಜಿ ಹಾಡುವ ಪದದ ಅರ್ಥ ಅವರಿಗೆ ಆಗದಿರಬಹುದು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವರೇ ಹೇಳುತ್ತಾರೆ.