ನೆಲ ಬಿಡದೆ ಹಾರಲು ಕಲಿತವರು

ನೀರಿಗಿಳಿಯದೆ ಈಜು ಬಾರದು ಎನ್ನುತ್ತೇವೆ. ಆದರೆ ಬೆಂಕಿ, ಗಣಿ, ವಿಮಾನಗಳ ವಿಷಯದಲ್ಲಿ ಈ ಮಾತು ಬಲು ದುಬಾರಿ. ಅಲ್ಲಿ ಮೊದಲ ತಪ್ಪೇ ಕೊನೆಯದೂ ಆಗಬಹುದು. ಹಾಗಾದರೆ ಅಪಾಯಕ್ಕೆ ಒಡ್ಡದೆ ಅಪಾಯದ ಪಾಠ ಹೇಳುವುದು ಹೇಗೆ? ಹೇಳಿದರೂ ಕಲಿಯುವವರು ಅದನ್ನು ನಂಬುವುದು ಯಾವಾಗ?

ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್‌ನ ತಂದೆಗೆ ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ಆರ್ಗನ್ನಿಗೆ ಗಾಳಿಯೂದುವ ತಿದಿಗಳನ್ನೇ ಬಳಸಿ ಲಿಂಕ್ 1929ರಲ್ಲಿ ನೆಲ ಬಿಡದ ಪುಟ್ಟ ವಿಮಾನವೊಂದನ್ನು ಕಟ್ಟಿದ. ಒಳಗೆ ಕುಳಿತವರು ಹಿಡಿಕೆ ಎಳೆದಂತೆ ಅದು ವಾಲುತ್ತಿತ್ತು, ತಿರುಗುತ್ತಿತ್ತು. ಹಾರಾಟ ಕಲಿಸುವವರು ಅದನ್ನು ಆಟಿಕೆ ಎಂದೇ ಕಂಡರು. ಮೊದಮೊದಲು ಕೊಂಡವರಲ್ಲಿ ಹೆಚ್ಚಿನವರು ಮನರಂಜನಾ ಪಾರ್ಕಿನವರು.

1934ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಖಾಸಗಿ ಕಂಪನಿಗಳ ವಿಮಾನ ಟಪಾಲಿನ ಗುತ್ತಿಗೆ ರದ್ದುಮಾಡಿ ಆ ಕೆಲಸವನ್ನು ಸೇನೆಗೆ ವಹಿಸಿದರು. ಮಂಜಿನಲ್ಲಿ, ಕತ್ತಲಲ್ಲಿ ಮುಂದಿನ ಮುಳ್ಳುಗಳನ್ನಷ್ಟೇ ನಂಬಿ ಹಾರುವ ಅಭ್ಯಾಸ ಸೇನೆಯ ಬಹುಪಾಲು ಪೈಲಟ್‌ಗಳಿಗಿರಲಿಲ್ಲ. ಕೆಲವೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದೇ ವರ್ಷ ಸೇನೆ ಆರು ಲಿಂಕ್ ಟ್ರೇನರ್‌ಗಳನ್ನು ಕೊಂಡಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ತರಬೇತಿ ಪಡೆದಿದ್ದರು.

ಈ ಕಥೆಯ ಮುಂದಿನ ಕೊಂಡಿ ಆಗ್ಮೆಂಟೆಡ್ ರಿಯಾಲಿಟಿ. 1968ರಲ್ಲಿ ಐವನ್ ಸದರ್‌ಲ್ಯಾಂಡ್ ತಲೆಗೆ ತೊಡುವ ಪರದೆಯೊಂದನ್ನು ತೋರಿಸಿದರು. ಬೋಯಿಂಗ್‌ನಲ್ಲಿ ವಿಮಾನದ ವೈರುಗಳ ಜೋಡಣೆ ಸುಲಭಗೊಳಿಸಲು ಹೊರಟ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ 1990ರ ದಶಕದ ಆರಂಭದಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಇಂದು ನಮ್ಮದೇ ಕಚೇರಿಯ ಮೂಲೆಯಲ್ಲಿ ಇಲ್ಲದ ಬೆಂಕಿಯನ್ನು ತೋರಿಸಿ, ಆರಿಸು ಎನ್ನಬಹುದು.

ಕಲಿಯುವವರು ಒಪ್ಪುತ್ತಾರೆಯೇ? ಜನ ಹೊಸ ತಂತ್ರಜ್ಞಾನವನ್ನು ಒಪ್ಪುವುದರ ಹಿಂದೆ ಎರಡು ಎಣಿಕೆಗಳಿವೆ ಎಂದು 1989ರಲ್ಲಿ ಫ್ರೆಡ್ ಡೇವಿಸ್ ಹೇಳಿದರು: ಇದರಿಂದ ನನಗೆ ಉಪಯೋಗವಿದೆಯೇ, ಬಳಸಲು ಸುಲಭವೇ? ಲಿಂಕ್‌ನ ಯಂತ್ರ 1934ರಲ್ಲಿ ದಿಢೀರನೆ ಸುಲಭವಾಗಲಿಲ್ಲ. ಅದರ ಉಪಯೋಗ ಕಣ್ಣಿಗೆ ಬಿತ್ತು, ಅಷ್ಟೆ. ಅದಕ್ಕೆ ತೆತ್ತ ಬೆಲೆ ಮಾತ್ರ ಜೀವಗಳು.

ಮೆಚ್ಚುವುದು ಬೇರೆ, ಕಲಿಯುವುದು ಬೇರೆ. ಹೊಸ ಕನ್ನಡಕ ತೊಟ್ಟ ಮೊದಲ ದಿನ ಎಲ್ಲರೂ ಬೆರಗಾಗುತ್ತಾರೆ. ಪಾರ್ಕಿನಲ್ಲಿ ಲಿಂಕ್‌ನ ಯಂತ್ರವೇರಿದವರೂ ಹಾಗೆಯೇ ಖುಷಿಪಟ್ಟಿರಬೇಕು. ಆದರೆ ಸೇನೆಯ ತರಬೇತಿಯಲ್ಲಿ ಬೋಧಕರ ಮೇಜಿನ ಮೇಲೊಂದು ಪುಟ್ಟ ಗಾಲಿಯ ಸಾಧನವಿರುತ್ತಿತ್ತು. ವಿದ್ಯಾರ್ಥಿ ಹಾರಿದ ದಾರಿಯನ್ನು ಅದು ನಕ್ಷೆಯ ಮೇಲೆ ಶಾಯಿಯಲ್ಲಿ ಗೀಚುತ್ತಿತ್ತು. ಕೆಳಗಿಳಿದು ಬಂದವನಿಗೆ ತಾನು ದಾರಿ ತಪ್ಪಿದ್ದೆಲ್ಲಿ ಎಂಬುದು ಕಾಣುತ್ತಿತ್ತು. ಕನ್ನಡಕದ ಬೆಂಕಿಯೂ ಅಂಥದೊಂದು ಗೆರೆಯನ್ನು ಕಲಿಯುವವರ ಮುಂದಿಡಬೇಕು.