ಅರ್ಧ ವೋಲ್ಟಿನ ಸಾಕ್ಷ್ಯ

ಸ್ಕ್ಯಾನರ್ ಪರದೆಯ ಮೇಲೆ ಪಿ0122 ಎಂಬ ಕೋಡ್ ಬಂದರೆ ಅದರ ಅರ್ಥ ಇಷ್ಟೇ: ಕಾರಿನ ಥ್ರಾಟಲ್ ಪೊಸಿಷನ್ ಸೆನ್ಸರಿನ ಸರ್ಕ್ಯೂಟಿನಿಂದ ಬರುತ್ತಿರುವ ವೋಲ್ಟೇಜ್ ಇರಬೇಕಾದ್ದಕ್ಕಿಂತ ಕಡಿಮೆಯಿದೆ. ಪಿ0123 ಬಂದರೆ ಹೆಚ್ಚಿದೆ. ಸೆನ್ಸರೇ ಕೆಟ್ಟಿದೆ ಎಂದು ಎರಡೂ ಹೇಳುವುದಿಲ್ಲ. ಆದರೂ ಕೋಡ್ ಓದಿದ ಮರುಕ್ಷಣವೇ ಹೊಸ ಸೆನ್ಸರ್ ತರಲು ಜೆ.ಸಿ. ರಸ್ತೆಗೆ ಹುಡುಗನನ್ನು ಓಡಿಸುವ ಗ್ಯಾರೇಜುಗಳಿಗೆ ಕೊರತೆಯಿಲ್ಲ. ಹೊಸದು ಹಾಕಿದ ಮೇಲೂ ಗಾಡಿ ಮೊದಲಿನಂತೆಯೇ ಜರ್ಕ್ ಹೊಡೆಯುತ್ತಿರುತ್ತದೆ. ದುರಸ್ತಿಯ ಇತಿಹಾಸದ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ತಪ್ಪು ಓದು ಕುತೂಹಲದ ವಿಷಯ. ಯಂತ್ರ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಎಷ್ಟು ನಂಬಬೇಕು ಎನ್ನುವ ಪ್ರಶ್ನೆ ಅದರೊಳಗಿದೆ. ಆ ಪ್ರಶ್ನೆಗೆ ಅರವತ್ತು ವರ್ಷಗಳ ಚರಿತ್ರೆಯೂ ಇದೆ.

ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲಿ ಒಂದು ದುಂಡನೆಯ ಲೋಹದ ತಟ್ಟೆ ಇರುತ್ತದೆ. ಆಕ್ಸಿಲರೇಟರ್ ತುಳಿದಂತೆ ಅದು ತಿರುಗಿ ಗಾಳಿಗೆ ದಾರಿ ಬಿಡುತ್ತದೆ. ಅದೇ ಥ್ರಾಟಲ್. ಕಾರ್ಬೊರೇಟರ್ ಕಾಲದಲ್ಲಿ ಈ ತಟ್ಟೆ ಎಷ್ಟು ತೆರೆದಿದೆ ಎಂದು ಯಾರಿಗೂ ವರದಿ ಒಪ್ಪಿಸಬೇಕಾಗಿರಲಿಲ್ಲ. ನುಗ್ಗುವ ಗಾಳಿಯ ಸೆಳೆತಕ್ಕೆ ಜೆಟ್ಟಿನಿಂದ ಪೆಟ್ರೋಲ್ ತಾನಾಗಿ ಮೇಲೆ ಬರುತ್ತಿತ್ತು. ಮೆಕ್ಯಾನಿಕ್ ಸ್ಕ್ರೂ ಹಿಡಿದು ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ ತಿರುಗಿಸಿ, ಕಿವಿಗೊಟ್ಟು ಕೇಳಿ ಟ್ಯೂನ್ ಮಾಡುತ್ತಿದ್ದ.

ಈ ವ್ಯವಸ್ಥೆಯನ್ನು ಕೆಡವಿದ್ದು ಕ್ಯಾಲಿಫೋರ್ನಿಯಾದ ಹೊಗೆ. ಎಲೆಕ್ಟ್ರಾನಿಕ್ ಇಂಜೆಕ್ಷನ್ನಿನ ಮೊದಲ ಪ್ರಯತ್ನ ನಡೆದದ್ದು ಅಮೆರಿಕದಲ್ಲೇ. 1958ರಲ್ಲಿ ಬೆಂಡಿಕ್ಸ್ ಕಂಪನಿಯ ಎಲೆಕ್ಟ್ರೋಜೆಕ್ಟರನ್ನು ಕ್ರೈಸ್ಲರಿನ ಸುಮಾರು 35 ಕಾರುಗಳಿಗೆ ಅಳವಡಿಸಲಾಯಿತು. ಅದು ಎಷ್ಟು ಕೈಕೊಟ್ಟಿತೆಂದರೆ, ಬಹುತೇಕ ಕಾರುಗಳಿಗೆ ಆಮೇಲೆ ಮತ್ತೆ ಕಾರ್ಬೊರೇಟರನ್ನೇ ಕೂರಿಸಬೇಕಾಯಿತು. ಪೇಟೆಂಟುಗಳು ಜರ್ಮನಿಯ ಬಾಷ್ ಕಂಪನಿಯ ಕೈಸೇರಿದವು. 1967ರಲ್ಲಿ ಬಾಷ್ ತನ್ನ ಡಿ-ಜೆಟ್ರಾನಿಕ್ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ತಂದಾಗ ಅದರ ಗುರಿ ಅಮೆರಿಕದ ಮಾರುಕಟ್ಟೆ. ಅಲ್ಲಿ ಹೊಗೆಯ ಕಾನೂನು ಬಿಗಿಯಾಗುತ್ತಿತ್ತು. ಈಗ ಪೆಟ್ರೋಲ್ ಎಷ್ಟು ಸಿಂಪಡಿಸಬೇಕೆಂದು ನಿರ್ಧರಿಸುವುದು ಒಂದು ಪೆಟ್ಟಿಗೆ. ಆ ಪೆಟ್ಟಿಗೆಗೆ ಡ್ರೈವರನ ಪಾದ ಕಾಣುವುದಿಲ್ಲ. ಯಾರಾದರೂ ಅದಕ್ಕೆ ಹೇಳಬೇಕು.

ಡಿ-ಜೆಟ್ರಾನಿಕ್‌ನಲ್ಲಿ ಹೇಳುತ್ತಿದ್ದದ್ದು ಬಾಚಣಿಗೆಯ ಹಲ್ಲಿನಂಥ ತಾಮ್ರದ ಗೆರೆಗಳ ಮೇಲೆ ಜಾರುವ ಒಂದು ಸಂಪರ್ಕ. ಪೆಡಲ್ ತುಳಿದಂತೆ ಅದು ಒಂದೊಂದೇ ಹಲ್ಲು ದಾಟಿ ಮಿಡಿತ ಕಳುಹಿಸುತ್ತಿತ್ತು. ಪ್ರತಿ ಮಿಡಿತಕ್ಕೂ ಒಂದಿಷ್ಟು ಹೆಚ್ಚುವರಿ ಪೆಟ್ರೋಲ್. ಮುಂದೆ ಈ ಜಾಗಕ್ಕೆ ಬಂದದ್ದು ಪೊಟೆನ್ಶಿಯೋಮೀಟರ್. ಅದರ ತತ್ವ ಜರ್ಮನಿಯ ಪೋಗೆಂಡಾರ್ಫ್ 1841ರಲ್ಲೇ ವಿವರಿಸಿದ್ದು, ಪಿಯುಸಿ ಪ್ರಯೋಗಾಲಯದಲ್ಲಿ ಉದ್ದನೆಯ ತಂತಿಯ ಮೇಲೆ ಜಾಕಿಯನ್ನು ಮುಟ್ಟಿಸುತ್ತ ನಾವೆಲ್ಲ ಮಾಡಿದ್ದು. ಹಳೆಯ ರೇಡಿಯೋದ ವಾಲ್ಯೂಮ್ ತಿರುಗಣೆಯೂ ಅದೇ. ಸೆನ್ಸರಿಗೆ ಮೂರು ತಂತಿ: ಒಂದರಲ್ಲಿ 5 ವೋಲ್ಟ್, ಒಂದು ಅರ್ತ್, ನಡುವಿನದು ಸಿಗ್ನಲ್. ಥ್ರಾಟಲ್ ಮುಚ್ಚಿದಾಗ ಸಿಗ್ನಲ್ ಸುಮಾರು ಅರ್ಧ ವೋಲ್ಟ್, ಪೂರ್ತಿ ತೆರೆದಾಗ ನಾಲ್ಕೂವರೆಯ ಆಸುಪಾಸು. ಸೊನ್ನೆಯಿಂದ ಶುರುಮಾಡದೆ ಅರ್ಧ ವೋಲ್ಟಿನಿಂದ ಶುರುಮಾಡಿದ್ದರಲ್ಲಿ ಜಾಣತನವಿದೆ. ಸೊನ್ನೆ ಬಂತೆಂದರೆ ಅದು ಮುಚ್ಚಿದ ಥ್ರಾಟಲ್ ಆಗಿರಲಾರದು, ಎಲ್ಲೋ ತಂತಿ ತುಂಡಾಗಿದೆ ಎಂದು ಪೆಟ್ಟಿಗೆಗೆ ಗೊತ್ತಾಗುತ್ತದೆ.

ಹಳೆಯ ರೇಡಿಯೋದ ತಿರುಗಣೆ ಕರಕರ ಸದ್ದು ಮಾಡುತ್ತಿದ್ದದ್ದು ನೆನಪಿರಬಹುದು. ಸಂಪರ್ಕ ಜಾರುವ ಹಾದಿ ಕೊಳೆಯಾದಾಗ, ಸವೆದಾಗ ಹಾಗಾಗುತ್ತದೆ. ಥ್ರಾಟಲ್ ಸೆನ್ಸರಿನ ಕಾರ್ಬನ್ ಹಾದಿಯೂ ಹಾಗೆಯೇ ಸವೆಯುತ್ತದೆ, ಆದರೆ ಎಲ್ಲೆಡೆ ಒಂದೇ ಸಮನೆ ಸವೆಯುವುದಿಲ್ಲ. ಪಾದ ಹೆಚ್ಚು ಹೊತ್ತು ಎಲ್ಲಿ ನಿಲ್ಲುತ್ತದೋ ಅಲ್ಲಿ ಸವೆತ ಹೆಚ್ಚು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದ ಕಾರಿನದು ಒಂದು ಜಾಗದಲ್ಲಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳಿದ ಕಾರಿನದು ಐಡ್ಲಿಂಗ್ ದಾಟಿದ ಕೂಡಲೇ. ಡ್ರೈವರ್ ಯಾವತ್ತೂ ಬರೆದಿಡದ ದಿನಚರಿ ಆ ಕಪ್ಪು ಹಾದಿಯ ಮೇಲಿರುತ್ತದೆ. ನಮ್ಮ ಪತ್ರಾಗಾರಗಳಲ್ಲಿ ಇಂಥ ಆಕರ ಸಿಗುವುದಿಲ್ಲ, ಗುಜರಿಯಲ್ಲಿ ಸಿಗುತ್ತದೆ.

ಇದನ್ನು ಪತ್ತೆ ಮಾಡುವ ಕ್ರಮ ನಿಧಾನದ್ದು. ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಬೇಕು. ಮೊದಲು 5 ವೋಲ್ಟ್ ಬರುತ್ತಿದೆಯೇ, ಅರ್ತ್ ಸರಿಯಿದೆಯೇ ನೋಡಬೇಕು. 5 ವೋಲ್ಟಿನ ತಂತಿ ತುಂಡಾದರೆ ಸಿಗ್ನಲ್ ಸೊನ್ನೆಗೆ ಬೀಳುತ್ತದೆ. ಅರ್ತ್ ತುಂಡಾದರೆ 5ರ ಹತ್ತಿರಕ್ಕೆ ಏರುತ್ತದೆ. ಎರಡರಲ್ಲೂ ಸೆನ್ಸರ್ ನಿರಪರಾಧಿ. ಆಮೇಲೆ ಪೆಡಲನ್ನು ಬಹಳ ನಿಧಾನವಾಗಿ ಒತ್ತುತ್ತ ಸಿಗ್ನಲ್ ಏರುವುದನ್ನು ನೋಡಬೇಕು. ನಡುವೆ ಎಲ್ಲೋ ಒಂದು ಕ್ಷಣ ಕುಸಿದರೆ ಅಲ್ಲೇ ಸವೆತ. ಇಲ್ಲಿ ಹೊಸ ಡಿಜಿಟಲ್ ಮೀಟರಿಗಿಂತ ಹಳೆಯ ಮುಳ್ಳಿನ ಮೀಟರ್ ವಾಸಿ. ಡಿಜಿಟಲ್ ಮೀಟರ್ ಸೆಕೆಂಡಿಗೆ ಕೆಲವೇ ಸಲ ಅಂಕಿ ಬದಲಿಸುವುದರಿಂದ ಆ ಕುಸಿತ ಅದರ ಕಣ್ಣು ತಪ್ಪಿಸಬಹುದು, ಮುಳ್ಳು ಮಾತ್ರ ಬೆಚ್ಚಿಬೀಳುತ್ತದೆ. ಆಸಿಲೋಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು. ಇಷ್ಟಾದ ಮೇಲೂ ಸೆನ್ಸರ್ ಸತ್ಯವನ್ನೇ ಹೇಳುತ್ತಿರಬಹುದು: ಥ್ರಾಟಲ್ ಸುತ್ತ ಮಸಿ ಕಟ್ಟಿ ತಟ್ಟೆ ಪೂರ್ತಿ ಮುಚ್ಚದಿದ್ದರೆ ವೋಲ್ಟೇಜ್ ಹೆಚ್ಚಿರುವುದು ಸಹಜ. ಆಗ ಬೇಕಾಗುವುದು ಕ್ಲೀನರ್ ಮತ್ತು ಬಟ್ಟೆ.

ಕಂಪ್ಯೂಟರ್ ಬಂದು ಮೆಕ್ಯಾನಿಕ್ಕಿನ ಕೈಚಳಕ ಸತ್ತಿತು ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಒಂದು ಸಾಕ್ಷಿಯನ್ನು ಮತ್ತೊಂದರ ಪಕ್ಕದಲ್ಲಿಟ್ಟು ತೂಗುವ ಈ ಕೆಲಸ ಶಾಸನ ಓದುವವರ ಕೆಲಸಕ್ಕಿಂತ ಸುಲಭದ್ದೇನಲ್ಲ.

ನಮ್ಮಲ್ಲಿಯೂ ಈ ಬದಲಾವಣೆ ತಂದದ್ದು ಹೊಗೆಯೇ. 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ವಲಯದ ಖಾಸಗಿ ಕಾರುಗಳಿಗೆ ಯೂರೋ ಮಾನದಂಡಗಳ ಗಡುವು ವಿಧಿಸಿತು. ಅದರ ಬೆನ್ನಿಗೇ ಮಾರುತಿ 800ರಂಥ ಪುಟ್ಟ ಕಾರಿನ ಹಿಂಬದಿಗೂ ಎಂಪಿಎಫ್‌ಐ ಎಂಬ ಅಕ್ಷರಗಳು ಬಂದವು. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ, ಅಂದರೆ ಇಂದಿನ ಬಾಷ್, ಬೆಂಗಳೂರಿಗೆ ಹಳೆಯ ನೆಂಟ. ಆದರೆ ಊರಿನ ಗ್ಯಾರೇಜುಗಳಿಗೆ ಈ ಹೊಸ ಪೆಟ್ಟಿಗೆಗಳ ಭಾಷೆ ಕಲಿಸುವವರು ಸಿಗುವುದು ಕಷ್ಟವಿತ್ತು. ಕಲಿಯಲು ಬಿಡಲೂ ಇಲ್ಲ. ಬಿಡಿಭಾಗ, ದೋಷ ಪತ್ತೆಯ ಉಪಕರಣ, ಕೈಪಿಡಿಗಳು ಸ್ವತಂತ್ರ ಮೆಕ್ಯಾನಿಕ್ಕುಗಳ ಕೈಗೆ ಸಿಗದಂತೆ ಮಾಡಿದ್ದಕ್ಕಾಗಿ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. ಕೋಡ್ ನೋಡಿ ಸೆನ್ಸರ್ ಬದಲಿಸುವ ಮೆಕ್ಯಾನಿಕ್ಕನ್ನು ಬೈಯುವಾಗ ಈ ಸಂಗತಿಯೂ ನೆನಪಿನಲ್ಲಿರಬೇಕು. ಅವನ ಕೈಗೆ ಕೋಡ್ ಬಂತು, ಅದನ್ನು ಪ್ರಶ್ನಿಸುವ ಪುಸ್ತಕ ಬರಲಿಲ್ಲ.

ಪೆಡಲಿಗೂ ಥ್ರಾಟಲ್‌ಗೂ ನಡುವಿನ ಕೇಬಲ್ ಹೋಗಿ ಎಲ್ಲವೂ ವಿದ್ಯುತ್ತಿನಲ್ಲೇ ನಡೆಯತೊಡಗಿದ ಮೇಲೆ ತಪ್ಪು ರೀಡಿಂಗಿನ ಭಯ ಬೇರೆಯೇ ಆಯಿತು. ಅಮೆರಿಕದಲ್ಲಿ ಟೊಯೋಟಾ ಕಾರುಗಳು ತಾವಾಗಿ ವೇಗ ಹೆಚ್ಚಿಸಿಕೊಳ್ಳುತ್ತವೆ ಎಂಬ ದೂರು ಬಂದಾಗ ತನಿಖೆಗೆ ನಾಸಾದ ಎಂಜಿನಿಯರುಗಳನ್ನೇ ಕರೆಸಬೇಕಾಯಿತು. 2011ರ ಫೆಬ್ರುವರಿಯ ವರದಿ ಅಂಥ ವೇಗಕ್ಕೆ ಎಲೆಕ್ಟ್ರಾನಿಕ್ ಕಾರಣ ಸಿಗಲಿಲ್ಲ ಎಂದಿತು. ಆದರೆ ಒಂದು ಪೆಡಲ್ ಸೆನ್ಸರಿನಲ್ಲಿ ತವರದಿಂದ ತಾನಾಗಿ ಬೆಳೆದ ಕೂದಲಿಗಿಂತ ಸಣ್ಣ ಎಳೆಯೊಂದು ಎರಡು ಸಿಗ್ನಲ್‌ಗಳನ್ನು ಬೆಸೆದಿದ್ದನ್ನು ಅವರು ಕಂಡರು. ಒಂದು ಸಿಗ್ನಲ್ ಸುಳ್ಳು ಹೇಳಿದರೆ ಇನ್ನೊಂದರಿಂದ ಗೊತ್ತಾಗಲಿ ಎಂದೇ ಎರಡನ್ನು ಇಟ್ಟಿದ್ದರು.

ಈಗಿನ ಅನೇಕ ಕಾರುಗಳಲ್ಲಿ ಜಾರುವ ಸಂಪರ್ಕವೇ ಇಲ್ಲ. ಆಯಸ್ಕಾಂತವೊಂದು ತಿರುಗುತ್ತದೆ, ಅದರ ಕ್ಷೇತ್ರವನ್ನು ದೂರದಿಂದಲೇ ಹಾಲ್ ಸೆನ್ಸರ್ ಓದುತ್ತದೆ. ಉಜ್ಜಾಟವಿಲ್ಲ, ಸವೆತವಿಲ್ಲ. ಕೆಟ್ಟರೆ ಸೆನ್ಸರ್ ಬಿಡಿಯಾಗಿ ಸಿಗುವುದೂ ಅಪರೂಪ, ಇಡೀ ಥ್ರಾಟಲ್ ಬಾಡಿಯನ್ನೇ ಬದಲಿಸುತ್ತಾರೆ. ತೆಗೆದ ಹಳೆಯದನ್ನು ಬಿಚ್ಚಿ ನೋಡಿದರೆ ಒಳಗೆ ಯಾವ ಗೀರೂ ಇರುವುದಿಲ್ಲ.